ಸಿಗ್ನಲ್ ದೀಪಕ್ಕೆ ಎಲ್‌ಇಡಿಯೋ, ತಂತಿ ಬಲ್ಬೋ?



ನಮ್ಮ ಸ್ಟುಡಿಯೋ ಬಾಗಿಲಿನ ಹೊರಗೆ, ತಲೆಯೆತ್ತಿದರೆ ಕಾಣುವ ಹಾಗೆ, ಒಂದು ಕೆಂಪು ದೀಪವಿದೆ. ಮೈಕ್ ತೆರೆದಿದೆ, ಒಳಗೆ ಪ್ರಸಾರ ನಡೆಯುತ್ತಿದೆ ಎಂದು ಅದರ ಅರ್ಥ. ಒಳಗೆ ಕುಳಿತ ಉದ್ಘೋಷಕಿಗೆ ಆ ದೀಪ ಕಾಣುವುದಿಲ್ಲ. ಅದು ಇರುವುದೇ ಹೊರಗಿನವರಿಗಾಗಿ. ಒಂದು ದಿನ ಆ ದೀಪ ಕೆಟ್ಟಿದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ನಾನು ನಿಮ್ಮೊಡನೆ ಮಾತನಾಡುತ್ತಿದ್ದಾಗಲೇ ಬಾಗಿಲು ತೆರೆಯಿತು, 'ಚಾಯ್, ಮೇಡಂ' ಎಂಬ ದನಿ ನಿಮ್ಮ ಮನೆಯವರೆಗೂ ತಲುಪಿತು. ಚಹಾ ತಂದವರ ತಪ್ಪು ಅದರಲ್ಲಿ ಏನೂ ಇರಲಿಲ್ಲ. ದೀಪ ಹೇಳಬೇಕಾದದ್ದನ್ನು ಹೇಳಿರಲಿಲ್ಲ, ಅಷ್ಟೆ.

ವಾಹನದ ಸಿಗ್ನಲ್ ದೀಪಗಳೂ ಇದೇ ಜಾತಿಯವು. ಹೆಡ್‌ಲೈಟು ನಾವು ದಾರಿ ನೋಡಿಕೊಳ್ಳಲು. ಇಂಡಿಕೇಟರು, ಬ್ರೇಕ್ ಲೈಟು ಹಾಗಲ್ಲ. ನಾವೇನು ಮಾಡಲಿದ್ದೇವೆ ಎಂದು ಬೇರೆಯವರು ತಿಳಿದುಕೊಳ್ಳಲು. ಹೆಡ್‌ಲೈಟು ಕೆಟ್ಟರೆ ನಮಗೆ ತಕ್ಷಣ ಗೊತ್ತಾಗುತ್ತದೆ. ಹಿಂದಿನ ದೀಪ ಕೆಟ್ಟರೆ ಗೊತ್ತಾಗುವುದು ಹಿಂದಿರುವವರಿಗೆ, ಅದೂ ತೀರ ತಡವಾಗಿ. ದೀಪದ ಬುಡದಲ್ಲಿ ಕತ್ತಲು ಎನ್ನುವುದು ಇದಕ್ಕೇ ಹೇಳಿದ ಮಾತಿರಬೇಕು.

ನಮ್ಮ ಕೇಳುಗರಲ್ಲಿ ಸ್ವಂತ ಕಾರು, ಟೆಂಪೊ, ಸ್ಕೂಟರ್ ಇಟ್ಟುಕೊಂಡವರು ಬಹಳ ಮಂದಿ. 'ಹಳೆಯ ಬಲ್ಬು ತೆಗೆದು ಎಲ್‌ಇಡಿ ಹಾಕಿಸಿದರೆ ಒಳ್ಳೆಯದೇ? ಕರೆಂಟ್ ಉಳಿಯುತ್ತದೆ, ಬೆಳಕೂ ಜಾಸ್ತಿ ಎನ್ನುತ್ತಾರಲ್ಲ' ಎಂಬ ಪ್ರಶ್ನೆ ಆಗಾಗ ಬರುತ್ತದೆ. ಮನೆಯ ದೀಪದ ಅನುಭವದಿಂದ ಹುಟ್ಟಿದ ಪ್ರಶ್ನೆ ಇದು. ಮನೆಯಲ್ಲಿ ಉತ್ತರ ಸುಲಭ: ಎಲ್‌ಇಡಿ ಹಾಕಿ. ವಾಹನದಲ್ಲಿ ಉತ್ತರ ಅಷ್ಟು ಸರಳವಲ್ಲ. ಏಕೆಂದು ಹೇಳುವ ಮೊದಲು ನನ್ನ ಕಣ್ಣೆದುರಿಗೇ ನಡೆದ ಒಂದು ಸಂಗತಿ ಹೇಳುತ್ತೇನೆ.

ಬೈದದ್ದು ಯಾರಿಗೆ?

ಒಂದು ಮಳೆಗಾಲದಲ್ಲಿ ಅಕ್ಕ, ಭಾವನ ಜೊತೆ ಅವರ ಹಳೆಯ ಕಾರಿನಲ್ಲಿ ಮುಂಬಯಿಯಿಂದ ಊರಿಗೆ ಹೊರಟಿದ್ದೆವು. ಪನ್ವೇಲ್ ದಾಟಿ ಕರಾವಳಿಯ ಹೆದ್ದಾರಿ ಹಿಡಿದು, ಮಹಾಡ್ ಕಳೆದ ಮೇಲೆ ಎಡಗಡೆಯ ಒಂದು ಪೆಟ್ರೋಲ್ ಬಂಕಿಗೆ ತಿರುಗಬೇಕಿತ್ತು. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಭಾವ ಇಂಡಿಕೇಟರ್ ಹಾಕಿ ನಿಧಾನ ಮಾಡಿದರು. ಹಿಂದಿನಿಂದ ಒಂದು ಲಾರಿ ಕಿವಿ ಕಿತ್ತುಹೋಗುವಂತೆ ಹಾರ್ನ್ ಹೊಡೆದು, ಟೈರು ಕಿರುಗುಟ್ಟಿಸಿ, ನಮ್ಮ ಬಂಪರಿನಿಂದ ಎರಡು ಮಾರು ದೂರದಲ್ಲಿ ನಿಂತಿತು. ಭಾವ ಆ ಚಾಲಕನಿಗೆ ಬಾಯಿಗೆ ಬಂದಂತೆ ಬೈದರು. ನಾನು, 'ಭಾವ, ಇಂಡಿಕೇಟರ್ ಸರಿಯಿದೆಯಾ ನೋಡಿ' ಎಂದೆ. 'ಹಾಕಿದ್ದೇನಲ್ಲ ಮಾರಾಯ್ತಿ, ಟಿಕ್ ಟಿಕ್ ಕೇಳುದಿಲ್ವಾ ನಿನಗೆ?' ಎಂದರು.

ಹೌದು, ಟಿಕ್ ಟಿಕ್ ಸ್ಪಷ್ಟವಾಗಿ ಕೇಳುತ್ತಿತ್ತು. ಡ್ಯಾಷ್‌ಬೋರ್ಡಿನ ಹಸಿರು ಬಾಣವೂ ಮಿಟುಕುತ್ತಿತ್ತು. ಬಂಕಿನಲ್ಲಿ ಇಳಿದು ಹಿಂದೆ ಹೋಗಿ ನೋಡಿದರೆ ಎಡ ಇಂಡಿಕೇಟರ್ ಸತ್ತು ಮಲಗಿತ್ತು. ಎಷ್ಟು ದಿನದಿಂದ ಹಾಗಿತ್ತೋ ಹೇಳುವವರಿಲ್ಲ. ಕೆಲವು ತಿಂಗಳ ಹಿಂದೆ ಒಂದು ಅಂಗಡಿಯಲ್ಲಿ ಅವರು ನಾಲ್ಕೂ ಇಂಡಿಕೇಟರಿಗೆ ಎಲ್‌ಇಡಿ ಬಲ್ಬು ಹಾಕಿಸಿದ್ದರು. ಲಾರಿಯವ ಬ್ರೇಕ್ ಹಿಡಿದು ನಮ್ಮನ್ನು ಉಳಿಸಿದ್ದ. ನಾವು ಅವನಿಗೇ ಬೈದಿದ್ದೆವು. ದೀಪ ಸತ್ತಿದ್ದರೂ ಕಾರು 'ಎಲ್ಲ ಸರಿಯಿದೆ' ಎಂದು ಟಿಕ್ ಟಿಕ್ ಹೇಳಿದ್ದೇಕೆ? ಆ ಪ್ರಶ್ನೆಯ ಹಿಂದೆ ಬಿದ್ದಾಗ ತಿಳಿದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತಂತಿ ಬಲ್ಬಿನ ಗುಣ, ದೋಷ

ಹಳೆಯ ಬಲ್ಬಿನೊಳಗೆ ಟಂಗ್‌ಸ್ಟನ್ ಲೋಹದ ತೆಳುವಾದ ಸುರುಳಿ ತಂತಿ ಇರುತ್ತದೆ. ವಿದ್ಯುತ್ ಹರಿದಾಗ ಅದು ಕಾದು ಕೆಂಪಾಗಿ, ಬೆಳ್ಳಗಾಗಿ, ಬೆಳಕು ಕೊಡುತ್ತದೆ. ಖರ್ಚಾಗುವ ವಿದ್ಯುತ್ತಿನಲ್ಲಿ ಬೆಳಕಾಗುವುದು ಅತ್ಯಲ್ಪ ಪಾಲು, ಉಳಿದದ್ದೆಲ್ಲ ಶಾಖ. ಕಾರಿನ ಇಂಡಿಕೇಟರಿಗೂ ಬ್ರೇಕ್ ಲೈಟಿಗೂ ಸಾಮಾನ್ಯವಾಗಿ 21 ವ್ಯಾಟಿನ ಬಲ್ಬು. ಬಹಳಷ್ಟು ಸ್ಕೂಟರ್, ಬೈಕುಗಳ ಇಂಡಿಕೇಟರಿಗೆ 10 ವ್ಯಾಟಿನದು. ಲಾರಿ, ಬಸ್ಸುಗಳಲ್ಲಿ ಬ್ಯಾಟರಿಯೇ 24 ವೋಲ್ಟಿನದು, ಹಾಗಾಗಿ ಬಲ್ಬೂ 24 ವೋಲ್ಟಿನದು.

ಇದರ ದೋಷಗಳು ಎಲ್ಲರಿಗೂ ಗೊತ್ತು. ಗುಂಡಿ ಬಿದ್ದ ರಸ್ತೆಯ ಕುಲುಕಾಟಕ್ಕೆ ತಂತಿ ತುಂಡಾಗುತ್ತದೆ. ತಂತಿಯ ಲೋಹ ಆವಿಯಾಗಿ ಗಾಜಿನ ಒಳಮೈಗೆ ಮಸಿಯಂತೆ ಅಂಟಿ ಬೆಳಕು ಕುಂದುತ್ತದೆ. ಅಷ್ಟಾಗಿ ಯಾರೂ ಗಮನಿಸದ ಇನ್ನೊಂದು ದೋಷ, ಅದರ ಸೋಮಾರಿತನ. ಬ್ರೇಕ್ ಒತ್ತಿದ ಕೂಡಲೇ ತಂತಿ ಪೂರ್ತಿ ಬೆಳಗುವುದಿಲ್ಲ. ಕಾದು ಪೂರ್ಣ ಪ್ರಕಾಶಕ್ಕೆ ಬರಲು ಸುಮಾರು ಕಾಲು ಸೆಕೆಂಡು ಹಿಡಿಯುತ್ತದೆ.

ಗುಣಗಳೂ ಇವೆ. ತಂತಿ ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುತ್ತದೆ. ಬೆಲೆ ಬಹಳ ಕಡಿಮೆ, ಒಂದು ವಡಾಪಾವ್, ಒಂದು ಕಟಿಂಗ್ ಚಹಾದ ಲೆಕ್ಕ. ದಾರಿಯ ಬದಿಯ ಯಾವ ಅಂಗಡಿಯಲ್ಲೂ ಸಿಗುತ್ತದೆ, ಸ್ಕ್ರೂ ಡ್ರೈವರ್ ಇದ್ದರೆ ನಾವೇ ಬದಲಿಸಬಹುದು. ಅದರ ಶಾಖಕ್ಕೂ ಉಪಯೋಗವುಂಟು: ದೀಪದ ಗಾಜಿನೊಳಗೆ ಹನಿಗಟ್ಟಿದ ಮಳೆಗಾಲದ ತೇವವನ್ನು ಅದು ಒಣಗಿಸುತ್ತದೆ.

ಎಲ್‌ಇಡಿ ಎಲ್ಲಿ ಗೆಲ್ಲುತ್ತದೆ?

ಎಲ್‌ಇಡಿಯಲ್ಲಿ ಕಾಯುವ ತಂತಿ ಇಲ್ಲ. ಅರೆವಾಹಕದ ಒಂದು ಪುಟ್ಟ ಹರಳು ವಿದ್ಯುತ್ತನ್ನು ನೇರವಾಗಿ ಬೆಳಕಾಗಿ ಮಾಡುತ್ತದೆ. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿಯನ್ನು 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ತಯಾರಿಸಿದರು. 1972ರಲ್ಲಿ ಜಾರ್ಜ್ ಕ್ರಾಫರ್ಡ್ ಹಳದಿಯದನ್ನು ಮಾಡಿದರು. ವಾಹನದ ಹಿಂದಿನ ದೀಪಕ್ಕೆ ಬೇಕಾದ ಬಣ್ಣಗಳು ಹೀಗೆ ಬಿಳಿ ಎಲ್‌ಇಡಿಗಿಂತ ಬಹಳ ಮುಂಚೆಯೇ ಸಿಕ್ಕವು.

ಎಲ್‌ಇಡಿಯ ದೊಡ್ಡ ಲಾಭ ಉಳಿತಾಯವಲ್ಲ, ವೇಗ. ಕರೆಂಟ್ ಹರಿದ ಕ್ಷಣವೇ ಅದು ಪೂರ್ತಿ ಬೆಳಗುತ್ತದೆ. 1993ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಾರಿಗೆ ಸಂಶೋಧನಾ ಸಂಸ್ಥೆಯಲ್ಲಿ ಮೈಕೆಲ್ ಸಿವಾಕ್ ಮತ್ತು ಸಂಗಡಿಗರು ಇದನ್ನು ಅಳೆದು ನೋಡಿದರು. ಸಾಮಾನ್ಯ ತಂತಿ ಬಲ್ಬಿನ ಬ್ರೇಕ್ ಲೈಟಿಗಿಂತ ಎಲ್‌ಇಡಿ ಬ್ರೇಕ್ ಲೈಟಿಗೆ ಜನ ಸುಮಾರು 166 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಆರನೇ ಒಂದು ಭಾಗದಷ್ಟು ಬೇಗ ಪ್ರತಿಕ್ರಿಯಿಸಿದರು.

ಅಷ್ಟರಿಂದ ಏನಾಗುತ್ತದೆ ಎಂದಿರಾ? ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅಷ್ಟು ಹೊತ್ತಿನಲ್ಲಿ ವಾಹನ 2.8 ಮೀಟರ್ ಮುಂದೆ ಬರುತ್ತದೆ. 80ರಲ್ಲಿ 3.7 ಮೀಟರ್. 100ರಲ್ಲಿ 4.6 ಮೀಟರ್, ಅಂದರೆ ಒಂದು ಚಿಕ್ಕ ಕಾರಿನ ಉದ್ದಕ್ಕಿಂತ ಹೆಚ್ಚು. ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ವೇಯಲ್ಲಿ ಎದುರಿನ ಗಾಡಿಗೆ ಬಡಿಯುವುದಕ್ಕೂ ಬಡಿಯದೆ ನಿಲ್ಲುವುದಕ್ಕೂ ಇರುವ ಅಂತರ ಇಷ್ಟೇ ಆಗಿರಬಹುದು. ಇಂಡಿಕೇಟರಿನಲ್ಲಿ ಈ ಲಾಭಕ್ಕೆ ಅಷ್ಟು ಬೆಲೆಯಿಲ್ಲ, ಅದು ಹೇಗೂ ಮತ್ತೆ ಮತ್ತೆ ಮಿಟುಕುತ್ತದೆ. ಬ್ರೇಕ್ ಲೈಟಿನಲ್ಲಿ ಇದು ನಿಜವಾದ ಲಾಭ.

ಇನ್ನೆರಡು ಲಾಭಗಳು: ಕುಲುಕಾಟಕ್ಕೆ ಮುರಿಯುವ ತಂತಿ ಇಲ್ಲ, ಬ್ಯಾಟರಿಯ ಮೇಲಿನ ಹೊರೆ ಕಡಿಮೆ. 21 ವ್ಯಾಟಿನ ಬಲ್ಬು ಸುಮಾರು ಒಂದೂಮುಕ್ಕಾಲು ಆಂಪಿಯರ್ ಎಳೆದರೆ, ಎಲ್‌ಇಡಿಗೆ ಅದರ ಸಣ್ಣದೊಂದು ಪಾಲು ಸಾಕು. ಕಾರಿಗೆ ಇದೇನೂ ದೊಡ್ಡ ಉಳಿತಾಯವಲ್ಲ. ಎಂಜಿನ್ ಓಡುವಾಗ ಆಲ್ಟರ್ನೇಟರ್ ಅಷ್ಟನ್ನು ಲೀಲಾಜಾಲವಾಗಿ ಕೊಡುತ್ತದೆ. ಚಿಕ್ಕ ಬ್ಯಾಟರಿಯ ಸ್ಕೂಟರಿನಲ್ಲಿ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಇಷ್ಟು ಓದಿದ ಮೇಲೆ ಎಲ್‌ಇಡಿಯೇ ಮೇಲು ಎನಿಸುವುದು ಸಹಜ. ಆದರೆ ಇಲ್ಲೊಂದು ಎಚ್ಚರ ಬೇಕು. ಎಲ್‌ಇಡಿಗಾಗಿಯೇ ಕಾರ್ಖಾನೆಯಲ್ಲಿ ರೂಪಿಸಿದ ಪೂರ್ತಿ ದೀಪ ಒಂದು ವಸ್ತು. ತಂತಿ ಬಲ್ಬಿಗೆಂದು ಮಾಡಿದ ದೀಪದೊಳಗೆ ತೂರಿಸಿದ ಎಲ್‌ಇಡಿ ಬಲ್ಬು ಬೇರೆಯೇ ವಸ್ತು. ಮೊದಲನೆಯದರ ಗುಣಗಾನವನ್ನು ಎರಡನೆಯದಕ್ಕೆ ಅನ್ವಯಿಸಿಕೊಂಡದ್ದೇ ಭಾವ ಮಾಡಿದ ತಪ್ಪು.

ಟಿಕ್ ಟಿಕ್ ಸದ್ದಿನ ಗುಟ್ಟು

ರೇಡಿಯೋದವರಿಗೆ ಸದ್ದಿನ ಮೇಲೆ ಮೋಹ ಜಾಸ್ತಿ. ಇಂಡಿಕೇಟರಿನ ಟಿಕ್ ಟಿಕ್ ಎಲ್ಲಿಂದ ಬರುತ್ತದೆ ಗೊತ್ತೇ? ದೀಪವನ್ನು ಹೊತ್ತಿಸಿ ಆರಿಸುವ ಸಣ್ಣ ಡಬ್ಬಿಯಿಂದ. ಅದಕ್ಕೆ ಫ್ಲ್ಯಾಷರ್ ಎಂದು ಹೆಸರು. ತೀರ ಹಳೆಯ ಫ್ಲ್ಯಾಷರಿನಲ್ಲಿ ಎರಡು ಲೋಹ ಬೆಸೆದ ಪಟ್ಟಿಯೊಂದು ಇರುತ್ತಿತ್ತು. ಬಲ್ಬಿಗೆ ಹೋಗುವ ಕರೆಂಟಿನಿಂದಲೇ ಅದು ಕಾದು ಬಾಗಿ ಸಂಪರ್ಕ ಕಡಿಯುತ್ತಿತ್ತು, ತಣಿದು ಮತ್ತೆ ಸೇರುತ್ತಿತ್ತು. ಆಮೇಲೆ ಎಲೆಕ್ಟ್ರಾನಿಕ್ ಫ್ಲ್ಯಾಷರ್ ಬಂತು. ಅದರೊಳಗಿನ ರಿಲೇ ಟಿಕ್ ಟಿಕ್ ಎನ್ನುತ್ತದೆ. ಈಚಿನ ಅನೇಕ ಕಾರುಗಳಲ್ಲಿ ಪ್ರತ್ಯೇಕ ಫ್ಲ್ಯಾಷರ್ ಇಲ್ಲವೇ ಇಲ್ಲ. ಆ ಕೆಲಸವನ್ನು ಕಾರಿನ ಕಂಪ್ಯೂಟರ್ ಮಾಡುತ್ತದೆ, ಟಿಕ್ ಟಿಕ್ ಸದ್ದನ್ನು ಸ್ಪೀಕರಿನಿಂದ ಕೇಳಿಸುತ್ತದೆ. ಆಕಾಶವಾಣಿಯ ನಾಟಕದಲ್ಲಿ ನಾವು ಬಾಗಿಲಿನ ಸದ್ದು ಹಾಕಿದ ಹಾಗೆ!

ಫ್ಲ್ಯಾಷರಿಗೆ ಇನ್ನೊಂದು ಕೆಲಸವೂ ಇದೆ, ಅದೇ ಮುಖ್ಯ. ಎಷ್ಟು ಕರೆಂಟ್ ಹರಿಯುತ್ತಿದೆ ಎಂದು ಅದು ನೋಡಿಕೊಳ್ಳುತ್ತಿರುತ್ತದೆ. ಮುಂದೊಂದು ಹಿಂದೊಂದು ಬಲ್ಬು ಉರಿಯುವಾಗ ಸುಮಾರು ಮೂರೂವರೆ ಆಂಪಿಯರ್. ಒಂದು ಬಲ್ಬು ಸತ್ತರೆ ಕರೆಂಟ್ ಅರ್ಧಕ್ಕಿಳಿಯುತ್ತದೆ. ಆಗ ಎಲೆಕ್ಟ್ರಾನಿಕ್ ಫ್ಲ್ಯಾಷರ್ ಎರಡು ಪಟ್ಟು ವೇಗದಲ್ಲಿ ಟಿಕ್‌ಟಿಕ್‌ಟಿಕ್ ಎಂದು ಬಡಿದುಕೊಳ್ಳುತ್ತದೆ. ಹಳೆಯ ಪಟ್ಟಿಯ ಫ್ಲ್ಯಾಷರ್ ಆದರೆ ಸರಿಯಾಗಿ ಕಾಯದೆ ನಿಧಾನವಾಗುತ್ತದೆ ಅಥವಾ ಮಿಟುಕುವುದನ್ನೇ ಬಿಡುತ್ತದೆ. ಎರಡರ ಅರ್ಥವೂ ಒಂದೇ: 'ಯಜಮಾನರೇ, ನಿಮಗೆ ಕಾಣದ ಕಡೆ ಒಂದು ದೀಪ ಹೋಗಿದೆ, ಇಳಿದು ನೋಡಿ.'

ಈಗ ಬಲ್ಬು ತೆಗೆದು ಎಲ್‌ಇಡಿ ಹಾಕಿದರೆ ಏನಾಗುತ್ತದೆ? ಎಲ್‌ಇಡಿ ಎಳೆಯುವ ಕರೆಂಟ್ ಬಹಳ ಕಡಿಮೆ. ಫ್ಲ್ಯಾಷರ್ ಇದನ್ನು ಬಲ್ಬು ಸತ್ತಿದೆ ಎಂದೇ ತಿಳಿಯುತ್ತದೆ. ಎಲ್‌ಇಡಿ ಹಾಕಿಸಿದ ಮರುಕ್ಷಣ ಇಂಡಿಕೇಟರ್ ಹುಚ್ಚು ಹಿಡಿದಂತೆ ಮಿಟುಕುವುದು ಇದರಿಂದಲೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 102ನೇ ನಿಯಮದ ಪ್ರಕಾರ ಇಂಡಿಕೇಟರ್ ಅಂಬರ್ ಎನ್ನುವ ಕೇಸರಿ ಹಳದಿ ಬಣ್ಣದ್ದಾಗಿರಬೇಕು, ನಿಮಿಷಕ್ಕೆ 60ಕ್ಕೆ ಕಡಿಮೆಯಿಲ್ಲದಂತೆ, 120ಕ್ಕೆ ಮೀರದಂತೆ ಮಿಟುಕಬೇಕು. ಹುಚ್ಚು ಮಿಟುಕು ಈ ಮಿತಿಯನ್ನು ದಾಟಿಬಿಡಬಹುದು.

ರೆಸಿಸ್ಟರ್ ಎಂಬ ಅಡ್ಡದಾರಿ

ಗಿರಾಕಿ 'ಇದೇಕೆ ಹೀಗೆ' ಎಂದು ಕೇಳಿದರೆ ಅಂಗಡಿಯವರು ಒಂದು ರೆಸಿಸ್ಟರ್ ಜೋಡಿಸಿ ಕೊಡುತ್ತಾರೆ. ಹೆಚ್ಚಾಗಿ ಚಿನ್ನದ ಬಣ್ಣದ ಲೋಹದ ಕವಚ, ಮೇಲೆ 6 ಓಮ್, 50 ವ್ಯಾಟ್ ಎಂದು ಬರೆದಿರುತ್ತದೆ. ಎಲ್‌ಇಡಿ ಬೇಡವೆಂದು ಬಿಟ್ಟ ಕರೆಂಟನ್ನು ಇದು ನುಂಗಿ ಶಾಖವಾಗಿ ಹೊರಹಾಕುತ್ತದೆ. ಫ್ಲ್ಯಾಷರಿಗೆ ಬಲ್ಬು ಇದೆ ಎಂಬ ಭ್ರಮೆ ಹುಟ್ಟಿ ಟಿಕ್ ಟಿಕ್ ಮಾಮೂಲಿ ಲಯಕ್ಕೆ ಬರುತ್ತದೆ. ಗಿರಾಕಿಗೆ ಸಮಾಧಾನ.

ಆದರೆ ಇದರಿಂದ ಮೂರು ನಷ್ಟಗಳಿವೆ. ಮೊದಲನೆಯದು, ಕರೆಂಟಿನ ಉಳಿತಾಯ ಹೋಯಿತು. ಉರಿಯುವ ಹೊತ್ತಿನಲ್ಲಿ ಈ ರೆಸಿಸ್ಟರ್ ಸುಮಾರು 30 ವ್ಯಾಟ್ ಶಾಖ ಮಾಡುತ್ತದೆ, ಅಂದರೆ ತೆಗೆದುಹಾಕಿದ ಬಲ್ಬಿಗಿಂತಲೂ ಹೆಚ್ಚು. ಎರಡನೆಯದು, ಬೆಂಕಿಯ ಭಯ. ಕೈಗೆ ತಾಗಿದರೆ ಬೊಬ್ಬೆ ಬರುವಷ್ಟು ಅದು ಕಾಯುತ್ತದೆ. ಗಾಡಿಯ ಲೋಹದ ಮೈಗೆ ಸ್ಕ್ರೂ ಹಾಕಿ ಬಿಗಿಯದೆ, ಪ್ಲಾಸ್ಟಿಕ್ಕಿಗೋ ವೈರಿಗೋ ತಾಗುವಂತೆ ನೇತುಬಿಟ್ಟರೆ, ಗಾಡಿ ಕೆಟ್ಟು ಅರ್ಧ ಗಂಟೆ ನಾಲ್ಕೂ ಇಂಡಿಕೇಟರ್ ಹಾಕಿ ನಿಲ್ಲಿಸಿದ ದಿನ ಏನಾದೀತು, ಯೋಚಿಸಿ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಎಲ್‌ಇಡಿ ಸತ್ತ ಮೇಲೂ ರೆಸಿಸ್ಟರ್ ಕರೆಂಟ್ ಎಳೆಯುತ್ತಲೇ ಇರುತ್ತದೆ. ಫ್ಲ್ಯಾಷರಿಗೆ ಏನೂ ಗೊತ್ತಾಗುವುದಿಲ್ಲ. ಟಿಕ್ ಟಿಕ್ ಅದೇ ಲಯ, ಹಸಿರು ಬಾಣ ಅದೇ ಮಿಟುಕು. ಭಾವನ ಕಾರಿನಲ್ಲಿ ಆದದ್ದು ಇದು. ಸತ್ತ ದೀಪದ ಸುದ್ದಿ ಹೇಳುತ್ತಿದ್ದ ಒಂದೇ ಒಂದು ಬಾಯಿಯನ್ನು ಅವರು ದುಡ್ಡು ಕೊಟ್ಟು ಮುಚ್ಚಿಸಿದ್ದರು.

ಇದಕ್ಕಿಂತ ಉತ್ತಮ ದಾರಿ, ಫ್ಲ್ಯಾಷರನ್ನೇ ತೆಗೆದು ಎಲ್‌ಇಡಿಗೆ ಹೊಂದುವ ಎಲೆಕ್ಟ್ರಾನಿಕ್ ಫ್ಲ್ಯಾಷರ್ ಹಾಕುವುದು. ಹೊರೆ ಎಷ್ಟೇ ಇರಲಿ ಅದು ಒಂದೇ ವೇಗದಲ್ಲಿ ಮಿಟುಕಿಸುತ್ತದೆ. ಶಾಖವಿಲ್ಲ, ಬೆಂಕಿಯ ಭಯವಿಲ್ಲ. ಬೈಕು, ಸ್ಕೂಟರುಗಳಲ್ಲಿ ಇದು ಸುಲಭದ ಕೆಲಸ. ಆದರೂ ನೆನಪಿಡಿ: ಒಂದೇ ವೇಗ ಎಂದರೆ ದೀಪ ಸತ್ತರೂ ಅದೇ ವೇಗ. ಎಚ್ಚರಿಕೆಯ ಕೆಲಸ ಇಲ್ಲೂ ಇಲ್ಲ. ಇನ್ನು ಕಂಪ್ಯೂಟರ್ ಮಿಟುಕಿಸುವ ಕಾರುಗಳಲ್ಲಿ ಬದಲಿಸಲು ಫ್ಲ್ಯಾಷರೇ ಇರುವುದಿಲ್ಲ. ಅಂಥ ಕಾರಿಗೆ 'ಕ್ಯಾನ್‌ಬಸ್' ಎಂದು ಮಾರುವ ಎಲ್‌ಇಡಿ ಬಲ್ಬುಗಳಲ್ಲಿ ಹೆಚ್ಚಿನವುಗಳ ಹೊಟ್ಟೆಯೊಳಗೇ ರೆಸಿಸ್ಟರ್ ಇರುತ್ತದೆ. ಶಾಖ ಅಲ್ಲೇ ಕೂಡಿ ಎಲ್‌ಇಡಿಯ ಆಯುಸ್ಸನ್ನು ತಿನ್ನುತ್ತದೆ.

ಬಣ್ಣ, ದಿಕ್ಕು, ಪ್ರಮಾಣ

ಎಲ್‌ಇಡಿ ಬಲ್ಬು ಹಾಕುವಾಗ ಇನ್ನೂ ಮೂರು ಸಂಗತಿ ನೋಡಬೇಕು.

ಮೊದಲು ಬಣ್ಣ. ತಂತಿ ಬಲ್ಬಿನ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇವೆ, ಕೆಂಪು ಹಳದಿ ಧಾರಾಳವಾಗಿವೆ. ಕೆಂಪು ಗಾಜು ಕೆಂಪನ್ನು ಮಾತ್ರ ಹೊರಬಿಟ್ಟು ಉಳಿದದ್ದನ್ನು ತಡೆಯುತ್ತದೆ. ಬಿಳಿ ಎಲ್‌ಇಡಿ ನಿಜವಾಗಿ ನೀಲಿ ಎಲ್‌ಇಡಿ. ಮೇಲೆ ಹಳದಿ ಬೆಳಕು ಕೊಡುವ ಲೇಪ ಬಳಿದಿರುತ್ತಾರೆ. ಅದರಲ್ಲಿ ಗಾಢ ಕೆಂಪು ಬಹಳ ಕಡಿಮೆ. ಕೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಇಟ್ಟರೆ ಬೆಳಕು ಸೊರಗುತ್ತದೆ, ಇಲ್ಲವೇ ಗುಲಾಬಿಯಾಗಿ ಕಾಣುತ್ತದೆ. ಆದ್ದರಿಂದ ಕೆಂಪು ಗಾಜಿಗೆ ಕೆಂಪು ಎಲ್‌ಇಡಿ, ಅಂಬರ್ ಗಾಜಿಗೆ ಅಂಬರ್ ಎಲ್‌ಇಡಿ. ನೀಲಿ, ನೇರಳೆ, ಬಣ್ಣ ಬದಲಿಸುವ ದೀಪಗಳನ್ನು ಗಣೇಶೋತ್ಸವದ ಮಂಟಪಕ್ಕೆ ಬಿಟ್ಟುಬಿಡಿ.

ಎರಡನೆಯದು ದಿಕ್ಕು. ಹಳೆಯ ದೀಪದ ಹಿಂದಿನ ಹೊಳೆಯುವ ಬೋಗುಣಿಯನ್ನು, ಅಂದರೆ ರಿಫ್ಲೆಕ್ಟರನ್ನು, ತಂತಿ ಇರುವ ಆ ಒಂದು ಬಿಂದುವಿಗೆ ಹೊಂದಿಸಿ ಮಾಡಿರುತ್ತಾರೆ. ಎಲ್‌ಇಡಿ ಬಲ್ಬಿನ ಹರಳುಗಳು ಬೇರೆ ಜಾಗದಲ್ಲಿ, ಬೇರೆ ಮುಖವಾಗಿ ಕೂತಿರುತ್ತವೆ. ಫಲವಾಗಿ ನೇರ ಹಿಂದೆ ನಿಂತು ನೋಡಿದರೆ ಕಣ್ಣು ಕುಕ್ಕುವ ಚುಕ್ಕೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ದೀಪವೇ ಇಲ್ಲವೇನೋ ಎಂಬಂತೆ. ಪಕ್ಕದಿಂದ ನುಗ್ಗಿ ಬರುವ ಬೈಕಿನವರಿಗೇ ನಮ್ಮ ಇಂಡಿಕೇಟರ್ ಎಲ್ಲರಿಗಿಂತ ಹೆಚ್ಚಾಗಿ ಕಾಣಬೇಕಾದ್ದು.

ಮೂರನೆಯದು ಪ್ರಮಾಣ. ಅನೇಕ ಗಾಡಿಗಳಲ್ಲಿ ರಾತ್ರಿ ಉರಿಯುವ ಹಿಂದಿನ ದೀಪವೂ ಬ್ರೇಕ್ ಲೈಟೂ ಒಂದೇ ಬಲ್ಬಿನಲ್ಲಿವೆ. ಅದರೊಳಗೆ ಎರಡು ತಂತಿ, 21 ವ್ಯಾಟಿನದೊಂದು, 5 ವ್ಯಾಟಿನದೊಂದು. ಅಂತರರಾಷ್ಟ್ರೀಯ ಮಾನದಂಡದಂತೆ ಬ್ರೇಕಿನ ತಂತಿ ಸುಮಾರು 440 ಲ್ಯೂಮೆನ್ ಬೆಳಕು ಕೊಟ್ಟರೆ, ರಾತ್ರಿಯ ದೀಪದ ತಂತಿ ಸುಮಾರು 35 ಮಾತ್ರ. ಹನ್ನೆರಡು ಪಟ್ಟು ವ್ಯತ್ಯಾಸ. ಬ್ರೇಕ್ ಒತ್ತಿದ್ದು ಹಿಂದಿನವರಿಗೆ ತಿಳಿಯುವುದೇ ಈ ವ್ಯತ್ಯಾಸದಿಂದ. ಅಗ್ಗದ ಎಷ್ಟೋ ಎಲ್‌ಇಡಿ ಬಲ್ಬುಗಳಲ್ಲಿ ಎರಡು ಹಂತಗಳ ನಡುವೆ ಅಂತರ ಅಲ್ಪ. ರಾತ್ರಿಯಲ್ಲಿ ಸದಾ ಬ್ರೇಕ್ ಹಿಡಿದಂತೆಯೇ ಕಾಣುವ ಗಾಡಿ, ನಿಜವಾಗಿ ಬ್ರೇಕ್ ಹಿಡಿದಾಗ ಹೊಸದೇನನ್ನೂ ಹೇಳುವುದಿಲ್ಲ. ಸಿಗ್ನಲ್ ದೀಪಕ್ಕೆ ಪ್ರಖರತೆಗಿಂತ ಸ್ಪಷ್ಟತೆ ಮುಖ್ಯ. ಮೈಕಿಗೆ ಬಾಯಿಟ್ಟು ಕಿರುಚಿದರೆ ಮಾತು ಅರ್ಥವಾಗುವುದಿಲ್ಲವಲ್ಲ, ಹಾಗೆ.

ಬೆಳಕು ಮಂಕಾಗಿದ್ದರೆ ತಪ್ಪು ಬಲ್ಬಿನದೇ?

'ಹಳೆಯ ಬಲ್ಬು ಮಂಕು, ಅದಕ್ಕೇ ಎಲ್‌ಇಡಿ ಬೇಕು' ಎನ್ನುವವರು ಮೊದಲು ಒಂದು ಕೆಲಸ ಮಾಡಿ. ಬಲ್ಬು ಬಿಚ್ಚಿ ಗಾಜು ಕಪ್ಪಾಗಿದೆಯೇ ನೋಡಿ. ಕಪ್ಪಾಗಿದ್ದರೆ ಹೊಸದು ಹಾಕಿ. ಹೋಲ್ಡರಿನಲ್ಲಿ ಹಸಿರು ಕಿಲುಬು ಕಟ್ಟಿದೆಯೇ, ಅರ್ತ್ ವೈರು ಸಡಿಲವಾಗಿದೆಯೇ ನೋಡಿ. ತಂತಿ ಬಲ್ಬು ವೋಲ್ಟೇಜಿನ ವಿಷಯದಲ್ಲಿ ಬಲು ಸೂಕ್ಷ್ಮ: ವೋಲ್ಟೇಜ್ ನೂರಕ್ಕೆ ಹತ್ತರಷ್ಟು ಇಳಿದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ಸಮುದ್ರದ ಉಪ್ಪುಗಾಳಿಯ ಮುಂಬಯಿ, ಚೆನ್ನೈಗಳಲ್ಲಿ ಕಿಲುಬು ಮನೆಯ ನೆಂಟನಂತೆ. ಮರಳು ಕಾಗದದಿಂದ ಉಜ್ಜಿ ಅರ್ತ್ ಬಿಗಿ ಮಾಡಿದರೆ ಹಳೆಯ ಬಲ್ಬೇ ಹೊಸದಾಗಿ ಬೆಳಗುತ್ತದೆ. ಬ್ರೇಕ್ ಒತ್ತಿದಾಗ ಇಂಡಿಕೇಟರೂ ಮಂದವಾಗಿ ಉರಿದರೆ, ಅರ್ತ್ ಕೆಟ್ಟಿರುವುದರ ಲಕ್ಷಣ ಅದು. ಎಲ್‌ಇಡಿ ಹಾಕಿದರೂ ಈ ರೋಗ ಹೋಗುವುದಿಲ್ಲ.

ಬಲ್ಬು ಕೊಳ್ಳುವಾಗ ಹಳೆಯದರ ಬುಡದಲ್ಲಿ ಬರೆದದ್ದನ್ನು ಓದಿ. 'ಪಿ21ಡಬ್ಲ್ಯು' ಎಂದಿದ್ದರೆ ಬಣ್ಣವಿಲ್ಲದ ಬಲ್ಬು, ಬಣ್ಣದ ಗಾಜಿನ ದೀಪಕ್ಕೆ. 'ಪಿವೈ21ಡಬ್ಲ್ಯು' ಎಂದಿದ್ದರೆ ಅಂಬರ್ ಬಲ್ಬು, ಪಾರದರ್ಶಕ ಗಾಜಿನ ದೀಪಕ್ಕೆ. ಒಂದರ ಜಾಗದಲ್ಲಿ ಇನ್ನೊಂದು ಕೂರದಿರಲೆಂದೇ ಅವುಗಳ ಬುಡದ ಮೊಳೆಗಳನ್ನು ಬೇರೆ ಬೇರೆ ಕೋನದಲ್ಲಿ ಇಟ್ಟಿದ್ದಾರೆ. ಒತ್ತಿ ತುರುಕಬೇಡಿ. ಅಂಬರ್ ಬಲ್ಬಿನ ಬಣ್ಣ ಕೆಲವೊಮ್ಮೆ ಎದ್ದು ಬಂದು ಬೆಳಕು ಬಿಳಿಯಾಗುತ್ತದೆ. ಆಗ ಅದು ಉರಿಯುತ್ತಿದ್ದರೂ ಬದಲಿಸಿ.

ಹಾಗಾದರೆ ಯಾರಿಗೆ ಯಾವುದು?

ಹೊಸ ಗಾಡಿ ಕೊಳ್ಳುವವರು ಎಲ್‌ಇಡಿ ಬ್ರೇಕ್ ಲೈಟ್ ಇರುವುದನ್ನು ಆರಿಸಿದರೆ ಒಳ್ಳೆಯದು. ಕಾರ್ಖಾನೆಯಲ್ಲೇ ಅಳೆದು ಮಾಡಿದ ದೀಪ ಅದು. ಆದರೆ ಕೆಟ್ಟರೆ ಬಲ್ಬು ಮಾತ್ರ ಬದಲಿಸಲಾಗುವುದಿಲ್ಲ, ಹೆಚ್ಚಾಗಿ ಪೂರ್ತಿ ದೀಪವನ್ನೇ ಬದಲಿಸಬೇಕು, ಖರ್ಚು ಜಾಸ್ತಿ. ಸಾಲಿನಲ್ಲಿ ನಾಲ್ಕು ಹರಳು ಆರಿದಾಗಲೇ ಗಮನ ಕೊಡಿ.

ತಂತಿ ಬಲ್ಬಿನ ಹಳೆಯ ಕಾರು ಇರುವವರು ತಂತಿ ಬಲ್ಬನ್ನೇ ಇಟ್ಟುಕೊಳ್ಳಿ ಎನ್ನುವುದು ನನ್ನ ಮಾತು. ಒಳ್ಳೆಯ ಕಂಪನಿಯ ಬಲ್ಬು ಜೋಡಿಯಾಗಿ ಹಾಕಿ, ಎರಡು ಬಲ್ಬು ಡ್ಯಾಷ್‌ಬೋರ್ಡಿನ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಸತ್ತಾಗ ಅದು ತಾನೇ ಹೇಳುತ್ತದೆ ಎಂಬುದೇ ಅದರ ದೊಡ್ಡ ಗುಣ. ವೈರಿಂಗ್ ಕತ್ತರಿಸಿ ಎಲ್‌ಇಡಿ ಜೋಡಿಸಿದರೆ ವಾರಂಟಿ ಇರುವ ಗಾಡಿಗೆ ತಕರಾರು ಬರಬಹುದು ಎಂಬುದನ್ನೂ ಮರೆಯಬೇಡಿ.

ಸ್ಕೂಟರ್, ಬೈಕಿನವರು ಬದಲಿಸಲೇಬೇಕೆಂದಿದ್ದರೆ ಅಂಬರ್ ಎಲ್‌ಇಡಿ ಜೊತೆಗೆ ಫ್ಲ್ಯಾಷರನ್ನೂ ಬದಲಿಸಿ, ರೆಸಿಸ್ಟರ್ ಹಾಕಿಸಬೇಡಿ. ಇಂಡಿಕೇಟರ್ ನಿಮ್ಮ ಕಣ್ಣಿಗೆ ಕಾಣುವ ಹತ್ತಿರದಲ್ಲೇ ಇರುವುದರಿಂದ ಗಾಡಿ ತೆಗೆಯುವಾಗ ಒಮ್ಮೆ ನೋಡಿಕೊಳ್ಳುವುದು ಕಷ್ಟವಲ್ಲ.

ಲಾರಿ, ಟೆಂಪೊ ಓಡಿಸುವವರಿಗೆ ಕುಲುಕಾಟದ ಕಾಟ ಹೆಚ್ಚು. ನೀವು ಬಲ್ಬನ್ನಷ್ಟೇ ಬದಲಿಸುವ ಬದಲು, ಸರಿಯಾದ ವೋಲ್ಟೇಜಿನ, ನೀರು ಹೋಗದಂತೆ ಮುಚ್ಚಿದ ಪೂರ್ತಿ ಎಲ್‌ಇಡಿ ದೀಪವನ್ನೇ ಹಾಕಿಸಿ. ದೀಪದ ಮೇಲೆ ಮೆತ್ತಿದ ಕೆಸರು ಒರೆಸುವ ಕೆಲಸ ಮಾತ್ರ ಯಾವ ದೀಪ ಹಾಕಿದರೂ ತಪ್ಪುವುದಿಲ್ಲ.

ಒಂದು ನಿಮಿಷದ ಪರೀಕ್ಷೆ

ಕೊನೆಯದಾಗಿ, ಯಾವ ದೀಪ ಇದ್ದರೂ ಹದಿನೈದು ದಿನಕ್ಕೊಮ್ಮೆ ಮಾಡಬೇಕಾದ ಕೆಲಸ. ಮನೆಯವರೊಬ್ಬರನ್ನು ಗಾಡಿಯ ಹಿಂದೆ ಹತ್ತು ಹೆಜ್ಜೆ ದೂರ ನಿಲ್ಲಿಸಿ. ರಾತ್ರಿಯ ದೀಪ ಹೊತ್ತಿಸಿ, ಬ್ರೇಕ್ ಒತ್ತಿ: ವ್ಯತ್ಯಾಸ ಥಟ್ಟನೆ ಗೊತ್ತಾಗುತ್ತದೆಯೇ? ಎಡ, ಬಲ ಇಂಡಿಕೇಟರ್ ಹಾಕಿ: ಪಕ್ಕಕ್ಕೆ ಸರಿದು ನಿಂತರೂ ಕಾಣುತ್ತದೆಯೇ? ಮಧ್ಯಾಹ್ನದ ಬಿಸಿಲಿನಲ್ಲಿ ಒಮ್ಮೆ, ಕತ್ತಲಲ್ಲಿ ಒಮ್ಮೆ ನೋಡಲಿ. ಒಬ್ಬರೇ ಇದ್ದರೆ ಗೋಡೆಯ ಹತ್ತಿರ ಹಿಂದೆ ಮಾಡಿ ನಿಲ್ಲಿಸಿ, ಗೋಡೆಯ ಮೇಲೆ ಬೆಳಕು ಬೀಳುವುದನ್ನು ಕನ್ನಡಿಯಲ್ಲಿ ನೋಡಬಹುದು. ಮಿಟುಕಿನ ವೇಗಕ್ಕೆ ಗಡಿಯಾರವೂ ಬೇಡ. ರೇಡಿಯೋದಲ್ಲಿ ಗಂಟೆ ತಿಳಿಸುವ ಮುನ್ನ ಬರುವ ಪಿಪ್ ಪಿಪ್ ನೆನಪಿದೆಯಲ್ಲ? ಸೆಕೆಂಡಿಗೊಂದು ಪಿಪ್. ಒಂದು ಪಿಪ್‌ಗೆ ಒಂದರಿಂದ ಎರಡು ಮಿಟುಕು ಇದ್ದರೆ ನಿಯಮದ ಮಿತಿಯೊಳಗಿದೆ.

ಭಾವ ಊರಿನಿಂದ ಬಂದ ಮೇಲೆ ರೆಸಿಸ್ಟರುಗಳನ್ನು ಬಿಚ್ಚಿಸಿ ಹಳೆಯ ನಮೂನೆಯ ಬಲ್ಬುಗಳನ್ನೇ ಹಾಕಿಸಿದರು. ಈಗ ಊರಿಗೆ ಹೊರಡುವ ಮುನ್ನ ಅಕ್ಕ ಹಿಂದೆ ನಿಂತು 'ಎಡ ಸರಿ, ಬಲ ಸರಿ, ಬ್ರೇಕ್ ಸರಿ' ಎಂದು ಕೂಗಿ ಹೇಳಿದ ಮೇಲೆಯೇ ಗಾಡಿ ಗೇಟು ದಾಟುವುದು. ನಮ್ಮ ಸ್ಟುಡಿಯೋದಲ್ಲೂ ಅಷ್ಟೆ. ಕಾರ್ಯಕ್ರಮ ಶುರುವಾಗುವ ಮೊದಲು ಹೊರಗೊಬ್ಬರು ನಿಂತು ಕೆಂಪು ದೀಪ ನೋಡಿ ಕೈ ಎತ್ತುತ್ತಾರೆ. ಆಮೇಲೆ ನಾನು ನಿಮಗೆ ನಮಸ್ಕಾರ ಹೇಳುತ್ತೇನೆ.

ಈ ಸಲ ಊರಿಗೆ ಹೊರಡುವ ಮುನ್ನ ನೀವೂ ಒಮ್ಮೆ ಇಳಿದು, ಹಿಂದೆ ಹೋಗಿ ನೋಡಿ. ಪ್ರಯಾಣ ಸುಖಕರವಾಗಿರಲಿ.